ಪ್ರತಿ ಎಂಟನೆಯವನಿಗೂ ಎಚ್.ಐ.ವಿ. ಹಂಚಿದ ಯಂತ್ರದ ಕುರಿತು

ಬೆಳಗಾವಿ, ಡಿಸೆಂಬರ್ ೨೦೦೧

ಎಚ್.ಐ.ವಿ. ರಕ್ತಪರೀಕ್ಷಾ ಕಾರ್ಯಕ್ರಮದ ಮೇಲ್ವಿಚಾರಣೆಯ ಕುರ್ಚಿಯಲ್ಲಿ ಕುಳಿತಿರುವ ಮಾನ್ಯರೇ,

ನಿಮ್ಮ ಪ್ರಯೋಗಾಲಯದ ಯಂತ್ರ ಮಲಪ್ರಭಾ ನದಿಗೆ ಎಚ್.ಐ.ವಿ. ಇದೆ ಎಂದು ಹೇಳಿದೆ. ತಮಾಷೆಯಲ್ಲ, ಯಂತ್ರವೇ ಅಚ್ಚು ಮಾಡಿ ಕೊಟ್ಟ ಕಾಗದ ನನ್ನ ಮುಂದಿದೆ. ನದಿ ಬೇಸರ ಮಾಡಿಕೊಳ್ಳಲಿಲ್ಲ. ಖಾನಾಪುರದ ಸೇತುವೆಯ ಕೆಳಗೆ ಮೊದಲಿನಂತೆಯೇ ಹರಿಯುತ್ತಿದೆ. ಆದರೆ ಅದೇ ಯಂತ್ರ ಮೂರು ವಾರಗಳಲ್ಲಿ ಹದಿನಾಲ್ಕು ಮಂದಿ ಮನುಷ್ಯರಿಗೂ ಅದೇ ಮಾತು ಹೇಳಿತು. ಮನುಷ್ಯರು ನದಿಯಷ್ಟು ಸಮಾಧಾನಿಗಳಲ್ಲ. ಅವರಲ್ಲಿ ಎಂಟು ಮಂದಿ ಇವತ್ತಿಗೂ ಆ ಚೀಟಿಯನ್ನು ನಂಬಿಕೊಂಡು ಎಲ್ಲೋ ಕುಳಿತಿದ್ದಾರೆ. ಅವರ ಹೆಸರು, ಊರು, ಓಣಿ ಎಲ್ಲ ನಿಮ್ಮ ಕಚೇರಿಯ ಕಪಾಟಿನಲ್ಲಿದೆ. ಕಪಾಟಿಗೆ ಬೀಗವಿದೆ. ಕೀಲಿಕೈ ನಿಮ್ಮ ಹತ್ತಿರವಿದೆ. ನನ್ನ ದೂರು ಇಷ್ಟೇ. ಇಷ್ಟನ್ನೇ ನಿಮ್ಮೆದುರು ಕುಳಿತು ಹೇಳಿದೆ, ಅರ್ಜಿ ಬರೆದು ಹೇಳಿದೆ, ಈಗ ಊರೆಲ್ಲ ಓದಲಿ ಎಂದು ಪತ್ರಿಕೆಯಲ್ಲಿ ಹೇಳುತ್ತಿದ್ದೇನೆ.

ಓದುಗರಿಗೆ ನನ್ನ ಪರಿಚಯ ಬೇಕಾಗಬಹುದು. ನಾನು ರವಿವಾರ ಪೇಟೆಯಲ್ಲಿ ತಕ್ಕಡಿ ರಿಪೇರಿ ಮಾಡುವವನು. ಹುಟ್ಟಿದ್ದು ಖಾನಾಪುರದ ಕಡೆಯ ಕುರುಬರ ಮನೆಯಲ್ಲಿ. ಹದಿನಾಲ್ಕನೆಯ ವಯಸ್ಸಿನಲ್ಲಿ ಒಂದು ಕಂಬಳಿ ಹೊದ್ದುಕೊಂಡು ಈ ಊರಿಗೆ ಬಂದೆ. ತೂಕದ ಕಲ್ಲಿನ ತಳಕ್ಕೆ ಸೀಸ ತುಂಬುವುದು ಹೇಗೆಂದು ಕಲಿತೆ, ಅದನ್ನು ಕದ್ದು ಕೆರೆಯುವುದು ಹೇಗೆಂದೂ ತಿಳಿದುಕೊಂಡೆ. ಮೊದಲನೆಯ ವಿದ್ಯೆ ಅನ್ನ ಕೊಟ್ಟಿತು. ಎರಡನೆಯದು, ಅಂಗಡಿಯ ಮೆಟ್ಟಿಲು ಹತ್ತುವ ಗಿರಾಕಿ ಎಂಥವನೆಂದು ಕಾಲಸಪ್ಪಳದಿಂದಲೇ ಗುರುತಿಸುವುದನ್ನು ಕಲಿಸಿತು. ಸಾಲಿ ಏಳನೆಯ ಇಯತ್ತೆಗೆ ಮುಗಿಯಿತು. ಆದರೆ ಸಾಲಾಗಿ ಬರೆದ ಅಂಕಿಗಳನ್ನು ಕಂಡರೆ ನನ್ನ ಕಣ್ಣು ತಾನಾಗಿಯೇ ಅವುಗಳ ಬೆನ್ನು ಹತ್ತುತ್ತದೆ. ಇದು ರೋಗವೋ ಗುಣವೋ ಎಂದು ಪರೀಕ್ಷೆ ಮಾಡಿಸಿಲ್ಲ. ಮಾಡಿಸಲು ಈಗ ಧೈರ್ಯವೂ ಇಲ್ಲ.

ನನ್ನ ಅಕ್ಕ ಭರಮವ್ವ. ಅವಳ ಗಂಡ ಲಕ್ಷ್ಮಪ್ಪ, ಅರವತ್ತೆರಡು ವರ್ಷ, ಹುಟ್ಟಿದಾರಭ್ಯ ಕುರಿಯ ಹಿಂದೆ. ನಾನು ಮಾವ ಎಂದು ಕರೆಯುವ ಇವನಿಗೆ ಹರ್ನಿಯಾ ಆಯಿತು. ಗುಡ್ಡ ಹತ್ತಿದರೆ ಒಂದು ಕೈ ಕೋಲಿನ ಮೇಲೆ, ಇನ್ನೊಂದು ಕೈ ತೊಡೆಯ ಸಂದಿಯ ಮೇಲೆ. ಕುರಿಗಳಿಗೂ ನಾಚಿಕೆಯಾಗುವ ನಡಿಗೆ. ಶಸ್ತ್ರಚಿಕಿತ್ಸೆಗೆ ಮೊದಲು ರಕ್ತ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದು ಡಾಕ್ಟರು ಚೀಟಿ ಕೊಟ್ಟರು. ಹೀಗೆ ಮಾವ ನಿಮ್ಮ ಪ್ರಯೋಗಾಲಯಕ್ಕೆ ಬಂದ, ತೋಳು ಚಾಚಿದ. ಒಂದು ವಾರಕ್ಕೆ ಸಲಹೆಗಾರ್ತಿ ತ್ರಿವೇಣಿಬಾಯಿಯವರು ಕರೆದು ಕೂರಿಸಿ, ಬಹಳ ಮೃದುವಾಗಿ ವಿಷಯ ತಿಳಿಸಿ, ಇದನ್ನು ಗುಟ್ಟಾಗಿ ಇಟ್ಟುಕೊಳ್ಳಿ, ಮನೆಯ ಹತ್ತಿರದವರಿಗಷ್ಟೇ ಮೆಲ್ಲಗೆ ಹೇಳಿ ಎಂದರು. ಆ ಹೆಣ್ಣುಮಗಳ ತಪ್ಪೇನೂ ಇಲ್ಲ. ಆದರೆ ಮೆಲ್ಲಗೆ ಹೇಳುವ ವಿದ್ಯೆ ಮಾವನಿಗೆ ಬಾರದು. ಐವತ್ತು ವರ್ಷ ಈ ಗುಡ್ಡದಿಂದ ಆ ಗುಡ್ಡಕ್ಕೆ ಕೂಗಿ ಮಾತಾಡಿದವನು. ನಾನು ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದೆ. ಮಾವ ದೂರದಿಂದಲೇ ನನ್ನನ್ನು ಕಂಡ.

"ಏ ಸತ್ಯಾ! ನನಗ ಏಡ್ಸ್ ಐತಂತೋ! ಹರ್ನಿಯಾ ಬ್ಯಾರೆ!"

ಖಾನಾಪುರದ ಬಸ್ಸಿನಲ್ಲಿ ಆ ದಿನ ಮಾವನಿಗೆ ಕಿಟಕಿಯ ಸೀಟು ಸಿಕ್ಕಿತು. ಬಾಜುವಿನ ಸೀಟೂ ಅವನದೇ ಆಯಿತು, ಹಿಂದಿನದೂ, ಮುಂದಿನದೂ.

ಊರಲ್ಲಿ ಏನಾಯಿತೆಂಬುದನ್ನು ಸ್ವಲ್ಪದರಲ್ಲಿ ಹೇಳುತ್ತೇನೆ. ದನಿ ತಗ್ಗಿಸಿ ವಿಚಾರಿಸಲು ಬಂದವರೆಲ್ಲ ಹೊಸ್ತಿಲ ಹೊರಗೇ ನಿಂತರು. ಹಿರಿಯರಾದ ಕಲ್ಲಯ್ಯನವರು ಅಕ್ಕನಿಗೆ, "ಅವನ ಗಂಗಾಳ, ತಂಬಿಗಿ ಬ್ಯಾರೆ ಮಾಡವ್ವಾ, ನಿನ್ನ ಒಳ್ಳೇದಕ್ಕ ಹೇಳಾಕತ್ತೇನಿ" ಎಂದರು. ಅಕ್ಕ ಒಳಗೆ ಹೋಗಿ ಗಂಗಾಳ ತಂದಳು. ಒಂದೇ ಗಂಗಾಳ. ಕಟ್ಟೆಯ ಮೇಲೆ ಎಲ್ಲರೆದುರು ಮಾವನನ್ನು ಕೂರಿಸಿ, ತಾನೂ ಎದುರಿಗೆ ಕುಳಿತು, ಇಬ್ಬರೂ ಅದರಲ್ಲೇ ರೊಟ್ಟಿ ಮುರಿದುಕೊಂಡು ಉಂಡರು. ಉಂಡು ಕೈ ತೊಳೆದ ಮೇಲೆ ಅಕ್ಕ ನನಗೆ ಹೇಳಿದ್ದು:

"ಕುರಿ ಬಿಟ್ಟ ನಿಮ್ಮ ಮಾವ ಯಾರ ಹಿಂದ ಹೋಗ್ಯಾನೋ ತಮ್ಮಾ? ಅವನ ಮೈಯಾಗಿನ ಟಗರಿನ ನಾತಕ್ಕ ನಾನ ಸೆರಗ ಮೂಗಿಗೆ ಹಚ್ಚಿಕೊಂಡ ಸಂಸಾರ ಮಾಡೇನಿ. ಬ್ಯಾರೆದಾಕಿ ಯಾವಾಕಿ ತಡಕೊಂಡಾಳು? ಆತು, ರೋಗ ಇದ್ರೂ ಇರ್ಲಿ, ಉಣ್ಣಾಕ ನೀಡಾಕಿ ನಾನ. ಇಲ್ಲಂದ್ರ ಇಲ್ಲ ಅಂತ ಬರಸ್ಕೊಂಡ ಬಾ. ಡಾಕ್ಟರ್ ಆಪರೇಶನ್ ಮಾಡವಲ್ಲ, ಇಂವ ಕೂತ ಕೂತ ನನ್ನ ತಲಿ ತಿನ್ನಾಕತ್ತಾನ."

ಹೌದು, ಮಾನ್ಯರೇ, ಡಾಕ್ಟರು ಶಸ್ತ್ರಚಿಕಿತ್ಸೆಯನ್ನು ಮುಂದಕ್ಕೆ ಹಾಕಿದ್ದರು. ಎಂದಿನವರೆಗೆ ಎಂದರೆ, ನೋಡೋಣ ಎಂದರು. ರೋಗ ನಿಜವೇ ಆಗಿದ್ದರೂ ಹರ್ನಿಯಾ ಹರ್ನಿಯಾವೇ ಅಲ್ಲವೇ ಎಂದು ನಾನು ಕೇಳಿದ್ದಕ್ಕೆ ಅವರು ಗೋಡೆಯ ಕ್ಯಾಲೆಂಡರ್ ನೋಡಿದರು. ಆ ಪ್ರಶ್ನೆಯೇ ಬೇರೆ, ಅದಕ್ಕೆ ಬೇರೆ ಪತ್ರ ಬರೆಯಬೇಕು.

ಅಕ್ಕನ ಮಾತು ಹಿಡಿದುಕೊಂಡು, ಅವಳನ್ನೂ ಕರೆದುಕೊಂಡು, ರಾಮತೀರ್ಥ ನಗರದ ಬಾಡಿಗೆ ಕಟ್ಟಡದಲ್ಲಿರುವ ನಿಮ್ಮ ಪ್ರಯೋಗಾಲಯಕ್ಕೆ ಹೋದೆ. ಅಲ್ಲಿಯ ತಂತ್ರಜ್ಞ ಅವಧೂತ ನನಗೆ ಹಳೆಯ ಪರಿಚಯ. ಅವರ ಪುಟ್ಟ ತಕ್ಕಡಿಯನ್ನು ನಾನೇ ಎರಡು ಸಲ ಸರಿಮಾಡಿ ಕೊಟ್ಟಿದ್ದೇನೆ. ಮೂವತ್ತರ ಹುಡುಗಾಟವಿಲ್ಲದ ಮನುಷ್ಯ, ಕೈ ಶುದ್ಧ, ಅಕ್ಷರ ದುಂಡಗೆ. ಕುಂದರ್ರಿ ಎಂದು ಸ್ಟೂಲು ಕೊಟ್ಟ. ಎದುರಿಗೆ ರಜಿಸ್ಟರ್ ತೆರೆದೇ ಇತ್ತು. ಹೆಸರುಗಳಿರಲಿಲ್ಲ, ಗುಟ್ಟು ಕಾಯಲು ಪ್ರತಿ ವಾರ ಒಂದರಿಂದ ಶುರುವಾಗುವ ನಂಬರುಗಳು ಮಾತ್ರ. ರೋಗ ಕಂಡ ನಂಬರಿನ ಕೆಳಗೆ ಕೆಂಪು ಗೆರೆ. ನಾನು ಇಣುಕಲಿಲ್ಲ, ಅಂಕಿಗಳೇ ನನ್ನ ಕಣ್ಣಿಗೆ ಬಿದ್ದವು. ಮೊದಲ ವಾರ: ಮೂರು, ಹನ್ನೊಂದು, ಹತ್ತೊಂಬತ್ತು, ಇಪ್ಪತ್ತೇಳು, ಮೂವತ್ತೈದು. ಎರಡನೆಯ ವಾರ: ಮೂರು, ಹನ್ನೊಂದು, ಹತ್ತೊಂಬತ್ತು, ಇಪ್ಪತ್ತೇಳು, ಮೂವತ್ತೈದು. ಮೂರನೆಯ ವಾರ ಜನ ಕಡಿಮೆ, ಇಪ್ಪತ್ತೇಳಕ್ಕೇ ನಿಂತಿತ್ತು. ನಡುವೆ ಬೇರೆ ನಂಬರೂ ಒಂದೆರಡು ಇದ್ದವು, ಅವು ಇರುವಂಥವೇ. ಆದರೆ ಈ ಹದಿನಾಲ್ಕು ಮಾತ್ರ ಅಂಗಿಯ ಗುಂಡಿಗಳಂತೆ ಸಮಾಸಮ ಅಂತರದಲ್ಲಿ ಕುಳಿತಿದ್ದವು. ಮಾವನ ಚೀಟಿಯ ನಂಬರೂ ಅವುಗಳಲ್ಲೇ ಇತ್ತು.

"ಅವಧೂತ, ಇದೇನೋ ಇದು? ಎಂಟೆಂಟಕ್ಕ ಒಬ್ಬಾವ್ಗ ಬರಾಕತ್ತೈತಿ?"

"ಜಿಲ್ಲಾದಾಗ ರೋಗ ಭಾಳ ಹೆಚ್ಚಾಗೈತ್ರಿ ಕಾಕಾ."

"ಹೆಚ್ಚಾಗ್ಲಿ. ಆದ್ರ ಪಾಳಿ ಹಚ್ಚಿ ಯಾಕ ಬರಾಕತ್ತೈತಿ? ರೇಶನ್ ಅಂಗಡ್ಯಾಗೂ ಇಷ್ಟ ಶಿಸ್ತ ಇರೂದಿಲ್ಲಲೋ."

ಅವಧೂತ ರಜಿಸ್ಟರನ್ನು ತನ್ನ ಕಡೆಗೆ ತಿರುಗಿಸಿಕೊಂಡ. ತುಟಿ ಆಡಿಸುತ್ತ ಎಣಿಸಿದ. ಮತ್ತೆ ಎಣಿಸಿದ.

"ಎರಡ ಸಲ ನೋಡೇನ್ರಿ ಕಾಕಾ, ಖರೇ. ರೋಗ ಕಂಡವರದ್ದ ಎರಡನೇ ಸಲ ಹಾಕಿ ನೋಡಬೇಕಂತ ನೇಮ ಐತಿ, ಹಾಕೇನಿ."

"ಎರಡನೇ ಸಲ ಎಲ್ಲಿ ಹಾಕಿದಿ?"

"ಮತ್ತೆಲ್ಲಿ, ಅದರ ಗುಳಿಯೊಳಗ. ಹನ್ನೊಂದನೇ ನಂಬರಾ ಹನ್ನೊಂದನೇ ಗುಳಿಯೊಳಗ. ನಂಬರ್ ಹೆಚ್ಚುಕಡಿಮಿ ಆಗಬಾರದಲ್ರೀ."

ಓದುಗರಿಗಾಗಿ ಒಂದು ಮಾತು. ಈ ಪರೀಕ್ಷೆ ನಡೆಯುವುದು ಅಳಗುಳಿ ಮಣೆಯಂಥ ಒಂದು ಬಿಳಿಯ ತಟ್ಟೆಯಲ್ಲಿ. ಒಂದೊಂದು ಸಾಲಿಗೆ ಎಂಟು ಗುಳಿ. ಗುಳಿಗೆ ಒಬ್ಬರಂತೆ ರಕ್ತದ ತಿಳಿ ಹಾಕಿ, ಮೇಲೆ ಏನೇನೋ ಔಷಧಿ ಹಾಕಿದರೆ, ರೋಗವಿದ್ದವರ ಗುಳಿ ಹಳದಿಯಾಗುತ್ತದೆ. ಆ ಹಳದಿ ಎಷ್ಟೆಂದು ಯಂತ್ರ ಅಳೆಯುತ್ತದೆ. ಯಂತ್ರಕ್ಕೆ ಎಂಟು ಕಣ್ಣು. ಸಾಲಿನ ಮೊದಲ ಗುಳಿಯನ್ನು ಮೊದಲ ಕಣ್ಣು ನೋಡುತ್ತದೆ, ಮೂರನೆಯದನ್ನು ಮೂರನೆಯ ಕಣ್ಣು. ಮೂರು, ಹನ್ನೊಂದು, ಹತ್ತೊಂಬತ್ತು ಎಲ್ಲವೂ ತಮ್ಮ ತಮ್ಮ ಸಾಲಿನಲ್ಲಿ ಮೂರನೆಯವು. ಎರಡು ಸಲ ನೋಡಿದರೂ ನೋಡಿದ್ದು ಅದೇ ಮೂರನೆಯ ಕಣ್ಣು. ಸಂಶಯದ ತಕ್ಕಡಿ ಬಂದರೆ ನಮ್ಮ ಕಸುಬಿನಲ್ಲಿ ಮೊದಲು ಮಾಡುವುದು ಒಂದೇ ಕೆಲಸ: ಈ ತಟ್ಟೆಯ ಸರಕು ಆ ತಟ್ಟೆಗೆ, ಆ ತಟ್ಟೆಯ ಕಲ್ಲು ಈ ತಟ್ಟೆಗೆ. ಮುಳ್ಳು ಮತ್ತೆ ಅದೇ ಕಡೆಗೆ ವಾಲಿದರೆ ತಪ್ಪು ಸರಕಿನದ್ದಲ್ಲ, ತಕ್ಕಡಿಯದ್ದು.

ಅದನ್ನೇ ಮಾಡು ಎಂದೆ. ಮುಂದಿನ ಬುಧವಾರ ಮಾವನ ಹೊಸ ರಕ್ತವನ್ನು ನಾಲ್ಕನೆಯ ಗುಳಿಗೆ ಹಾಕಿಸಿದೆ. ಮೂರನೆಯದಕ್ಕೆ ಯಾರದು? ಅವಧೂತ ಪಾಪ, ತನ್ನದನ್ನೇ ಕೊಟ್ಟ. ಹನ್ನೊಂದನೆಯದಕ್ಕೆ ಅಕ್ಕ ತನ್ನ ಬಾಟಲಿಯ ನೀರು ಕೊಟ್ಟಳು. ಬೆಳಗಾವಿಯ ನಳದ ನೀರು ಅವಳಿಗೆ ಒಗ್ಗುವುದಿಲ್ಲ. ಬರುವಾಗಲೆಲ್ಲ ಮಲಪ್ರಭೆಯ ನೀರನ್ನು ಸೋಸಿ ತುಂಬಿಕೊಂಡೇ ಬರುತ್ತಾಳೆ. ಹತ್ತೊಂಬತ್ತನೆಯ ಗುಳಿಯಲ್ಲಿ ಏನನ್ನೂ ಹಾಕಲಿಲ್ಲ. ನೋಣವೂ ಕೂರದಂತೆ ಕಾಯ್ದೆವು. ಎರಡು ತಾಸಿನ ಮೇಲೆ ಯಂತ್ರ ಕಾಗದ ಉಗುಳಿತು. ಮಾವ, ನಾಲ್ಕನೆಯ ಗುಳಿ: ಇಲ್ಲ. ಅವಧೂತ, ಮೂರನೆಯ ಗುಳಿ: ಇದೆ. ಮಲಪ್ರಭಾ ನದಿ: ಇದೆ. ಖಾಲಿ ಗುಳಿ: ಅದಕ್ಕೂ ಇದೆ.

"ಅರೇ ದೇವಾ! ಕಾಕಾ, ವೈಶಾಖದಾಗ ನನ್ನ ಲಗ್ನ ಐತ್ರಿ!" ಎಂದು ಅವಧೂತ ಕುರ್ಚಿ ಹಿಡಿದುಕೊಂಡ. ತನ್ನ ರಕ್ತದ ಜತೆಗೆ ಖಾಲಿ ಜಾಗಕ್ಕೂ ರೋಗ ಬಂದಿದೆ ಎಂಬುದು ಅವನ ತಲೆಗೆ ಹೋಗಲು ಎರಡು ನಿಮಿಷ ಬೇಕಾಯಿತು. ಆ ಎರಡು ನಿಮಿಷ, ಮಾನ್ಯರೇ, ನಿಮ್ಮ ಹದಿನಾಲ್ಕು ಮಂದಿ ಹೇಗೆ ಬದುಕುತ್ತಿದ್ದಾರೆಂದು ಅವನಿಗೆ ತಿಳಿಯಿತು.

ಅಕ್ಕ ಕೇಳಿದಳು: "ಹೊಳಿಗೂ ಆಗೈತೇನ? ಹಂಗಾರ ದಂಡಿ ಮ್ಯಾಲಿನ ಊರಿಗೆಲ್ಲಾ ಗಂಗಾಳ ಬ್ಯಾರೆ ಮಾಡಾಕ ಹೇಳ್ರಿ ಆ ಕಲ್ಲಯ್ಯಗ!"

ನಾನು ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಮೂರನೆಯ ಗುಳಿ ಕಣ್ಣಿಗೆ ಬರೀ ನೀರು.

"ಹಳದಿ ಎಲ್ಲೈತಿ? ಹೋದ ಮೂರ ವಾರನೂ ಹಿಂಗ ಇತ್ತೇನ?"

"ಹಿಂಗ ಇತ್ರಿ. ನನಗೂ ಒಮ್ಮೆ ಅನಿಸ್ತು. ಆದ್ರ ಕಣ್ಣಿಲೆ ನೋಡಿ ಬರೀಬಾರದು, ಮಷಿನ್ ಹೇಳಿದ್ದ ಬರೀಬೇಕಂತ ಸರ್ಕ್ಯುಲರ್ ಐತ್ರಿ."

ಆಮೇಲೆ ಯಂತ್ರದ ಮುಚ್ಚಳ ತೆಗೆಸಿದೆ. ಬೇಳೆಯಷ್ಟು ಗಾತ್ರದ ಎಂಟು ಗಾಜುಗಳು ಸಾಲಾಗಿ ಕುಳಿತಿದ್ದವು. ಏಳು ಸ್ವಚ್ಛ. ಮೂರನೆಯದರ ಮೇಲೆ ಒಂದು ಒಣಗಿದ ಅರಿಶಿನದ ಕಲೆ.

ಖಂಡೇನವಮಿ! ನಮ್ಮ ಕಡೆ ಆ ದಿನ ಕುಡಗೋಲಿನಿಂದ ಹಿಡಿದು ಟ್ರಕ್ಕಿನವರೆಗೆ ಎಲ್ಲದಕ್ಕೂ ಪೂಜೆ. ಪ್ರಯೋಗಾಲಯದಲ್ಲೂ ಯಂತ್ರಕ್ಕೆ ಬಾಳೆಕಂಬ ಕಟ್ಟಿ, ಚೆಂಡು ಹೂವಿನ ಮಾಲೆ ಹಾಕಿದ್ದರು. ಯಾರೋ ಭಕ್ತಿ ಹೆಚ್ಚಾಗಿ ಹೊರಗಿನ ಪೂಜೆ ಸಾಲದೆಂದು ಮುಚ್ಚಳ ತೆರೆಸಿ ಒಳಗೂ ಅರಿಶಿನ ಹಚ್ಚಿದ್ದಾರೆ. ಹಳದಿಯನ್ನು ಅಳೆಯುವ ಕಣ್ಣಿಗೆ ಹಳದಿಯನ್ನೇ ಬಳಿದರೆ ಅದು ಇನ್ನೇನು ಕಂಡೀತು? ಯಾರು ಹಚ್ಚಿದ್ದೆಂದು ಕೇಳಿದೆ. ಅವಧೂತ ಗೋಡೆ ನೋಡಿದ. ಗೋಡೆಯ ಮೇಲೆ ಫೋಟೋ ಇತ್ತು, ಕಟ್ಟು ಹಾಕಿಸಿದ್ದು. ಪೂಜೆಗೆ ಮುಖ್ಯ ಅತಿಥಿಯಾಗಿ ಬಂದ ಅಧಿಕಾರಿಗಳು ಮಂದಹಾಸ ಬೀರುತ್ತ ಕ್ಯಾಮೆರಾ ನೋಡುತ್ತಿದ್ದಾರೆ. ಅವರ ಬಲಗೈಯ ಉಂಗುರದ ಬೆರಳು ತೆರೆದ ಯಂತ್ರದ ಒಳಗಿದೆ. ಫೋಟೋ ಬಹಳ ಸ್ಪಷ್ಟವಾಗಿ ಬಂದಿದೆ, ಮಾನ್ಯರೇ. ಕೋಟು ನಿಮಗೆ ಒಪ್ಪುತ್ತದೆ. ಅದೇ ದಿನದ ಭೇಟಿ ಪುಸ್ತಕದಲ್ಲಿ ತಮ್ಮ ಹಸ್ತಾಕ್ಷರವೂ ಇದೆ: "ಪ್ರಯೋಗಾಲಯ ಸ್ವಚ್ಛವಾಗಿದೆ. ಪೂಜೆ ಅಚ್ಚುಕಟ್ಟಾಗಿ ನೆರವೇರಿತು." ವರ್ಷದಲ್ಲಿ ಅದೊಂದೇ ತಪಾಸಣೆ.

ದಯವಿಟ್ಟು ನಾನು ಪೂಜೆಯನ್ನು ಹಳಿಯುತ್ತಿದ್ದೇನೆಂದು ತಿಳಿಯಬೇಡಿ. ನಾನೂ ಆ ದಿನ ಅಂಗಡಿಯ ಪ್ರತಿಯೊಂದು ತಕ್ಕಡಿಗೆ ಅರಿಶಿನ ಕುಂಕುಮ ಹಚ್ಚುತ್ತೇನೆ. ಆದರೆ ಮರುದಿನ ಬಾಗಿಲು ತೆಗೆದ ಮೇಲೆ ತಟ್ಟೆ ಒರೆಸಿ, ಸರಕಾರದ ಮುದ್ರೆಯಿರುವ ಒಂದು ಕಿಲೋ ಕಲ್ಲನ್ನು ಇಟ್ಟು, ಮುಳ್ಳು ಎಲ್ಲಿ ನಿಂತಿತೆಂದು ನೋಡಿದ ನಂತರವೇ ಮೊದಲ ಗಿರಾಕಿಗೆ ಬರ್ರಿ ಎನ್ನುತ್ತೇನೆ. ದೇವರ ಮೇಲೆ ನಂಬಿಕೆ ಕಡಿಮೆಯಾಗಿ ಅಲ್ಲ, ಬೆರಳಿನ ಮೇಲೆ.

ನಿಮ್ಮ ಪರೀಕ್ಷೆಗೂ ಅಂಥ ಕಲ್ಲು ಇದೆ. ಉತ್ತರ ಮೊದಲೇ ಗೊತ್ತಿರುವ ರಕ್ತದ ತಿಳಿಯನ್ನು, ರೋಗ ಇರುವಂಥದ್ದನ್ನೂ ಇಲ್ಲದ್ದನ್ನೂ, ಸಣ್ಣ ಶೀಶೆಯಲ್ಲಿ ತುಂಬಿ ಪ್ರತಿ ಪೆಟ್ಟಿಗೆಯ ಜತೆ ಕಂಪನಿಯವರೇ ಕಳಿಸುತ್ತಾರೆ. ಅದಕ್ಕೆ ಕಂಟ್ರೋಲ್ ಎನ್ನುತ್ತಾರಂತೆ. ಪ್ರತಿ ತಟ್ಟೆಯ ಮೊದಲ ಮೂರು ಗುಳಿ ಅದಕ್ಕೇ ಮೀಸಲು ಎಂದು ಪೆಟ್ಟಿಗೆಯೊಳಗಿನ ಕಾಗದ ಸ್ಪಷ್ಟವಾಗಿ ಹೇಳುತ್ತದೆ. ಮೊದಲ ಮೂರು! ಹಾಕಿದ್ದರೆ ಮೊದಲ ಬುಧವಾರವೇ ಮೂರನೆಯ ಗುಳಿ ಬಾಯಿ ಬಡಿದುಕೊಳ್ಳುತ್ತಿತ್ತು. ಯಾಕೆ ಹಾಕಲಿಲ್ಲ ಎಂದರೆ ಅವಧೂತ ಡ್ರಾವರಿನಿಂದ ಇನ್ನೊಂದು ಸರ್ಕ್ಯುಲರ್ ತೆಗೆದ. ತಾವು ಕಳಿಸಿದ್ದು. "ಗುಳಿಗಳನ್ನು ಅನ್ಯ ಉದ್ದೇಶಕ್ಕೆ ಬಳಸಿ ವ್ಯರ್ಥಗೊಳಿಸತಕ್ಕದ್ದಲ್ಲ. ಗುರಿ ಸಾಧನೆಗೆ ಆದ್ಯತೆ ನೀಡತಕ್ಕದ್ದು." ಅಂದರೆ ಯಂತ್ರ ಸರಿಯಿದೆಯೇ ಎಂದು ನೋಡುವುದು ಅನ್ಯ ಉದ್ದೇಶ! ಎರಡನೆಯ ಸಲ ಪರೀಕ್ಷೆ ಮಾಡಲು ಬೇರೆ ಕಂಪನಿಯ, ಬೇರೆ ರೀತಿಯ ಕಿಟ್ ಬೇಕೆಂದು ಅವಧೂತ ಎರಡು ಸಲ ಬರೆದು ಕಳಿಸಿದ್ದಾನೆ. ಅದಕ್ಕೂ ತಮ್ಮ ಉತ್ತರವಿದೆ: ಇರುವುದರಲ್ಲೇ ಸರಿದೂಗಿಸಿ. ಅವನು ಸರಿದೂಗಿಸಿದ. ಪುಣ್ಯಕ್ಕೆ ಅವನು ನನ್ನ ಅಂಗಡಿಯಲ್ಲಿ ಕೆಲಸಕ್ಕಿರಲಿಲ್ಲ.

ಸಂತೆಯಲ್ಲಿ ಮೆಣಸಿನಕಾಯಿ ತೂಗುವ ನಿಂಗವ್ವನ ತಕ್ಕಡಿಗೆ ಮುದ್ರೆ ಹಳೆಯದಾದರೆ ಇನ್‌ಸ್ಪೆಕ್ಟರು ಬಂದು ತಟ್ಟೆ ಜಪ್ತಿ ಮಾಡುತ್ತಾರೆ. ಹತ್ತು ಗ್ರಾಂ ಮೆಣಸಿನಕಾಯಿ ಹೆಚ್ಚುಕಡಿಮೆಯಾದರೆ ಆಗುವ ಅನಾಹುತವೆಂದರೆ ಸಾರು ಸಪ್ಪೆಯಾಗುತ್ತದೆ. ಮನುಷ್ಯನ ಹಣೆಯ ಮೇಲೆ ಇದೆ-ಇಲ್ಲ ಎಂದು ಬರೆಯುವ ಯಂತ್ರಕ್ಕೆ ಮುದ್ರೆ ಹಾಕುವವರು ಯಾರು? ಪ್ರಯೋಗಾಲಯಗಳನ್ನು ಹೊರಗಿನವರು ಬಂದು ಪರೀಕ್ಷಿಸಿ ಮಾನ್ಯತೆ ಕೊಡುವ ವ್ಯವಸ್ಥೆ ದಿಲ್ಲಿಯಲ್ಲಿ ಇದೆಯಂತೆ, ಬೇಕೆನಿಸಿದವರು ಅರ್ಜಿ ಹಾಕಬಹುದಂತೆ. ನಿಮಗೆ ಬೇಕೆನಿಸಿಲ್ಲ. ನಿಂಗವ್ವನಿಗೂ ಬೇಕೆನಿಸಿರಲಿಲ್ಲ, ಅವಳನ್ನು ಯಾರೂ ಕೇಳಲಿಲ್ಲ.

ಇದೆಲ್ಲವನ್ನೂ ಹೇಳಲು ತಮ್ಮ ಕಚೇರಿಗೆ ಬಂದ ದಿನ ನೆನಪಿರಬೇಕು.

"ನೀವು ಡಾಕ್ಟರಾ?" ಎಂದಿರಿ.

"ಅಲ್ರಿ."

"ಲ್ಯಾಬ್ ಟೆಕ್ನಿಶಿಯನ್ನಾ?"

"ಅಲ್ರಿ ಸಾಹೇಬ್ರ, ತಕ್ಕಡಿ ರಿಪೇರಿ ಮಾಡತೇನಿ."

"ಮತ್ತೆ ಇದೆಲ್ಲ ನಿಮಗೆ ಹೇಗೆ ಅರ್ಥವಾಗುತ್ತೆ?"

"ನಾ ಅರ್ಥಾ ಮಾಡಕೊಂಡಿಲ್ರಿ. ಎಣಿಸೇನಿ ಅಷ್ಟ."

ತಾವು ಗೋಡೆಯ ಗ್ರಾಫ್ ತೋರಿಸಿದಿರಿ. ಖಾನಾಪುರದ ಗೆರೆ ಗುಡ್ಡ ಹತ್ತುವ ಆಡಿನಂತೆ ಸರ್ರನೆ ಮೇಲಕ್ಕೆ ಹೋಗಿತ್ತು. ಅಡಗಿದ್ದ ಪ್ರಕರಣಗಳನ್ನು ಪತ್ತೆಹಚ್ಚಿದ್ದಕ್ಕೆ ಕಳೆದ ಸಭೆಯಲ್ಲಿ ತಮಗೆ ಶಾಲು ಹೊದಿಸಿ ಸನ್ಮಾನವಾದದ್ದನ್ನೂ ಹೇಳಿದಿರಿ. ಆ ಗೆರೆಯಲ್ಲಿ ನಮ್ಮ ಮಾವನೂ ಇದ್ದಾನೆ ಎಂದೆ. ಲಿಖಿತವಾಗಿ ಕೊಡಿ ಎಂದಿರಿ. ಕೊಟ್ಟೆ. ಹನ್ನೆರಡು ದಿನಕ್ಕೆ ಉತ್ತರ ಬಂತು, ಅದನ್ನು ಇದ್ದದ್ದು ಇದ್ದ ಹಾಗೆ ಇಳಿಸುತ್ತೇನೆ: "ಒಮ್ಮೆ ವಿತರಿಸಲಾದ ಫಲಿತಾಂಶವನ್ನು ರದ್ದುಪಡಿಸಲು ಅವಕಾಶವಿರುವುದಿಲ್ಲ. ಇಚ್ಛಿಸಿದಲ್ಲಿ ಸದರಿಯವರು ಹೊಸ ಸಂಖ್ಯೆಯಡಿ ಪುನಃ ಪರೀಕ್ಷೆಗೆ ಒಳಪಡಬಹುದು. ಉಪಕರಣವನ್ನು ಸ್ವಚ್ಛಗೊಳಿಸಲಾಗಿರುವುದರಿಂದ ಪ್ರಕರಣವನ್ನು ಮುಕ್ತಾಯಗೊಳಿಸಿದೆ. ಇತರ ಫಲಾನುಭವಿಗಳ ವಿವರಗಳು ಗೌಪ್ಯವಾಗಿರುವುದರಿಂದ ಅವರನ್ನು ಸಂಪರ್ಕಿಸಲು ಸಾಧ್ಯವಿರುವುದಿಲ್ಲ."

ಫಲಾನುಭವಿಗಳು! ಆ ಪದವನ್ನು ಹುಡುಕಿದ ಗುಮಾಸ್ತರಿಗೂ ಒಂದು ಶಾಲು ಹೊದಿಸಬೇಕು. ಗೌಪ್ಯ ಎನ್ನುವುದು ಮಂದಿಯಿಂದ ಮುಚ್ಚಿಡುವುದಕ್ಕೆ ಎಂದು ನಾನು ತಿಳಿದಿದ್ದೆ. ಗುಟ್ಟು ಯಾರದ್ದೋ ಅವರಿಂದಲೇ ಅದನ್ನು ಮುಚ್ಚಿಡುವುದೂ ಗೌಪ್ಯವೇ ಎಂದು ತಮ್ಮ ಪತ್ರದಿಂದ ಕಲಿತೆ. ಮಾವ ಹೊಸ ಸಂಖ್ಯೆಯಡಿ ಪುನಃ ಪರೀಕ್ಷೆಗೆ ಒಳಪಟ್ಟ, ಬೇರೆ ಊರಿನ ಬೇರೆ ಪ್ರಯೋಗಾಲಯದಲ್ಲಿ, ಮೂರು ಬಗೆಯ ಕಿಟ್ಟುಗಳಲ್ಲಿ. ರೋಗ ಇಲ್ಲ. ಹರ್ನಿಯಾ ಕೊಯ್ಸಿಕೊಂಡು ಈಗ ನೆಟ್ಟಗೆ ನಡೆಯುತ್ತಾನೆ. ಆದರೂ ತಮ್ಮ ಗ್ರಾಫಿನ ಮೇಲೆ ಅವನು ಇವತ್ತಿಗೂ ರೋಗಿ. ಅವನ ಹೆಸರು ಹಾಕಲೋ ಬೇಡವೋ ಎಂದು ಕೇಳಿದ್ದಕ್ಕೆ, "ದೊಡ್ಡ ಅಕ್ಷರದಾಗ ಹಾಕ, ಕುರಿ ಕಾಯೂ ಲಕ್ಷ್ಮಪ್ಪ ಅಂತ" ಎಂದ.

ಉಳಿದ ಹದಿಮೂರು ಮಂದಿಯ ಬಗ್ಗೆ ನನಗಿಂತ ಮಾವನಿಗೇ ಚಿಂತೆ ಹೆಚ್ಚು. "ನನಗರೆ ನಿಮ್ಮಕ್ಕ ಇದ್ಲು. ಅವರಿಗೆ ಯಾರದಾರ?" ಎಂದ. ಅವರು ಯಾರೆಂದು ನನಗೆ ಗೊತ್ತಿಲ್ಲ. ಅವಧೂತನಿಗೂ ಗೊತ್ತಿಲ್ಲ. ತ್ರಿವೇಣಿಬಾಯಿಯವರು ಬರೆದಿಟ್ಟ ಪುಸ್ತಕ ತಮ್ಮ ಕಪಾಟಿನಲ್ಲಿ. ಆಗ ಮಾವ ತನ್ನ ಗಂಟಲನ್ನೇ ನಂಬಿ ಖಾನಾಪುರದ ಸಂತೆಯ ದಿನ ಕುರಿ ಪೇಟೆಯಲ್ಲಿ ನಿಂತ:

"ಮೂರು! ಹನ್ನೊಂದು! ಹತ್ತೊಂಬತ್ತು! ಇಪ್ಪತ್ತೇಳು! ಮೂವತ್ತೈದು! ಖಂಡೇನವಮಿ ಆದಮ್ಯಾಲೆ ರಾಮತೀರ್ಥ ನಗರದಾಗ ಚೀಟಿ ತಗೊಂಡವರು ಕೇಳ್ರಪೋ! ಚೀಟಿ ತಪ್ಪೈತಿ! ಬೆಳಗಾವಿ ರವಿವಾರ ಪ್ಯಾಟಿ ತಕ್ಕಡಿ ಸತ್ಯಪ್ಪನ ಅಂಗಡಿಗೆ ಬರ್ರಿ!"

ಸಂತೆಯವರು ಇದನ್ನು ಮಟಕಾದ ನಂಬರು ಎಂದು ತಿಳಿದರು. ಆ ವಾರ ಖಾನಾಪುರದಲ್ಲಿ ಹತ್ತೊಂಬತ್ತರ ಮೇಲೆ ಬಹಳ ಮಂದಿ ಆಡಿದರೆಂದು ವರ್ತಮಾನ. ಬಾಳಾಸಾಹೇಬ ಎಂಬ ಹವಾಲ್ದಾರರು ಮಾವನನ್ನು ಠಾಣೆಗೆ ಕರೆದೊಯ್ದು ಬುಕ್ಕಿ ಯಾರೆಂದು ವಿಚಾರಿಸಿದರು. ಮಾವ ಬಾಯಿ ಬಿಡಲಿಲ್ಲ. ಹುಟ್ಟಿದ ಮೇಲೆ ಮೊದಲ ಸಲ ಅವನು ಒಂದು ಗುಟ್ಟನ್ನು ಕಾಯ್ದದ್ದು, ಅದೂ ಮುಖ ಪರಿಚಯವಿಲ್ಲದ ಹದಿಮೂರು ಮಂದಿಗಾಗಿ. ಒಂದು ತಾಸು ಕೂರಿಸಿ ಬಿಟ್ಟರು. ಮಟಕಾದ ಕೃಪೆಯಿಂದ ಯಾರಿಗೂ ಸಂಶಯ ಬರಲಿಲ್ಲ. ತಿಳಿಯಬೇಕಾದವರಿಗೆ ಮಾತ್ರ ತಿಳಿಯಿತು.

ಒಬ್ಬೊಬ್ಬರಾಗಿ ಐದು ಮಂದಿ ಬಂದರು. ಯಾರೂ ಬರಿಗೈಯಲ್ಲಿ ಬರಲಿಲ್ಲ. ಒಬ್ಬ ಸರಿಯಾಗಿಯೇ ಇದ್ದ ತಕ್ಕಡಿಯನ್ನು ರಿಪೇರಿಗೆ ತಂದ. ಇನ್ನೊಬ್ಬ ಶೇಂಗಾ ತೂಗಿಸುವ ನೆವ ಮಾಡಿಕೊಂಡು ಬಂದು, ಮೂರು ಸಲ ತೂಗಿಸಿ, ನಾಲ್ಕನೆಯ ಸಲ ಮೆಲ್ಲಗೆ, "ನಂದ ಇಪ್ಪತ್ತೇಳ್ರಿ" ಎಂದ. ಐವರನ್ನೂ ಹೊರಗಿನ ಪ್ರಯೋಗಾಲಯಕ್ಕೆ ಕಳಿಸಿದೆವು. ನಾಲ್ವರಿಗೆ ಇಲ್ಲ. ಒಬ್ಬನಿಗೆ ಮಾತ್ರ ನಿಜವಾಗಿ ಇತ್ತು. ಅವನೇ ನನಗೆ ಸಮಾಧಾನ ಹೇಳಿದ: "ಈಗರೆ ಇದು ನಂದ ರೋಗ ಅಂತ ಖಾತ್ರಿ ಆತ್ರಿ ಕಾಕಾ. ಇಷ್ಟ ದಿನ ಮಷಿನ್ನಿಂದೋ ನಂದೋ ತಿಳೀದಂಗ ಆಗಿತ್ತು." ಇವತ್ತು ಅವನು ಸರಿಯಾದ ಡಾಕ್ಟರ ಹತ್ತಿರ ಹೋಗುತ್ತಿದ್ದಾನೆ. ಇಲ್ಲದವನಿಗೆ ಇಲ್ಲ ಎನ್ನುವುದಷ್ಟೇ ಅಲ್ಲ, ಇದ್ದವನಿಗೆ ಇದೆ ಎಂದು ಹೇಳುವ ಮಾತಿಗೂ ಬೆಲೆ ಬರುವುದು ಯಂತ್ರ ನಂಬಿಕಸ್ಥವಾಗಿದ್ದರೆ ಮಾತ್ರ.

ಐದನೆಯವಳು ಎರಡನೆಯ ವಾರದ ಹತ್ತೊಂಬತ್ತು. ಹೆಸರು, ಊರು ನನ್ನ ಹತ್ತಿರವೇ ಇರಲಿ. ಕಂಕುಳಲ್ಲಿ ನಾಲ್ಕು ತಿಂಗಳ ಕೂಸು. ಏನು ತೂಗಬೇಕವ್ವಾ ಎಂದರೆ ಕೂಸನ್ನೇ ತಟ್ಟೆಯ ಮೇಲೆ ಇಟ್ಟಳು. ಚೀಟಿ ಕೈಗೆ ಬಂದ ದಿನದಿಂದ ಅವಳು ಮಗುವಿಗೆ ಹಾಲು ಕೊಟ್ಟಿರಲಿಲ್ಲ. ತನ್ನಿಂದ ಅದಕ್ಕೆ ಬರಬಾರದೆಂದು. ಐದು ವಾರ. ಬಟ್ಟಲ ಹಾಲು ಕೂಸಿಗೆ ಹಿಡಿಸದೆ ದಿನವೂ ಭೇದಿ. ಮನೆಯಲ್ಲಿ ಯಾಕೆ ಹಾಲು ಕೊಡುವುದಿಲ್ಲವೆಂದು ಕೇಳಿದವರಿಂದ ಸೊಕ್ಕಿನವಳೆನಿಸಿಕೊಂಡಿದ್ದಳು. ಹೊರಗಿನ ಕಾಗದ ಬಂದ ದಿನ, ನಿನಗೆ ಏನೂ ಇಲ್ಲ ತಂಗೀ ಎಂದು ಓದಿ ಹೇಳಿದೆ. ಅಂಗಡಿಯಲ್ಲೇ, ನನ್ನ ಅಕ್ಕನ ಮರೆಯಲ್ಲಿ ಕುಳಿತು, ಕೂಸನ್ನು ಎದೆಗೆ ಹಚ್ಚಿಕೊಂಡಳು. ಹಾಲು ಬತ್ತಿಹೋಗಿತ್ತು. ಕೂಸು ಚೀಪಿತು, ಅತ್ತಿತು, ಮತ್ತೆ ಚೀಪಿತು. ಅಕ್ಕ ಅವಳ ಬೆನ್ನು ಸವರುತ್ತ, "ಬರ್ತೈತಿ ತಾಯಿ, ದಿನಾ ಹಚ್ಚಕೋ, ಬರ್ತೈತಿ" ಎನ್ನುತ್ತಿದ್ದಳು. ನಾನು ಬಾಗಿಲ ಹೊರಗೆ ನಿಂತು, ಇಲ್ಲದ ಗಿರಾಕಿಗಳನ್ನು ತಡೆಯುತ್ತಿದ್ದೆ.

ಆದ್ದರಿಂದ, ಮಾನ್ಯರೇ, ನನ್ನ ಬೇಡಿಕೆ. ಪ್ರತಿ ತಟ್ಟೆಯಲ್ಲೂ ಉತ್ತರ ಗೊತ್ತಿರುವ ಮೂರು ಗುಳಿ ಇರಲಿ. ಗುರಿಯನ್ನು ಮೂರು ಕಡಿಮೆ ಮಾಡಿ, ಆಕಾಶ ಬೀಳುವುದಿಲ್ಲ. ರೋಗ ಕಂಡರೆ ಬೇರೆ ಕಿಟ್ಟಿನಲ್ಲಿ, ಬೇರೆ ರೀತಿಯಲ್ಲಿ ಮತ್ತೆ ನೋಡಿದ ಹೊರತು ಯಾರ ಕೈಗೂ ಚೀಟಿ ಕೊಡಬೇಡಿ. ಆಗಾಗ ಹೊರಗಿನ ಪ್ರಯೋಗಾಲಯದಿಂದ ಉತ್ತರ ಮುಚ್ಚಿಟ್ಟ ರಕ್ತ ತರಿಸಿ, ಅವಧೂತನಿಗೂ ಯಂತ್ರಕ್ಕೂ ಪರೀಕ್ಷೆ ಕೊಡಿ. ಅವನು ಹೆದರುವುದಿಲ್ಲ, ಅವನೇ ಕೇಳುತ್ತಿದ್ದಾನೆ. ದಿಲ್ಲಿಯ ಮಾನ್ಯತೆಗೆ ಅರ್ಜಿ ಹಾಕಿ, ಸಿಕ್ಕಿದ ಕಾಗದವನ್ನು ತಾರೀಖಿನ ಸಮೇತ ಬಾಗಿಲಿಗೆ ಅಂಟಿಸಿ. ಸಿಗದಿದ್ದರೆ ಸಿಗಲಿಲ್ಲವೆಂದೂ ಅಂಟಿಸಿ. ಇದಕ್ಕೆಲ್ಲ ಸಮಯ ಹಿಡಿಯುತ್ತದೆ, ಒಪ್ಪುತ್ತೇನೆ. ಕಮಿಟಿ ಮಾಡಿ, ಚಹಾ ಕುಡಿಯಿರಿ.

ಆದರೆ ಕಪಾಟು ತೆರೆಯಲು ಕಮಿಟಿ ಬೇಡ. ಎಂಟು ಹೆಸರು. ತ್ರಿವೇಣಿಬಾಯಿಯವರ ಕೈಗೆ ಪುಸ್ತಕ ಕೊಡಿ. ಬೋರ್ಡು ಬರೆದ ಜೀಪಿನಲ್ಲಿ ಅಲ್ಲ, ಬಸ್ಸಿನಲ್ಲಿ, ನೆಂಟರ ಮನೆಗೆ ಹೋದಂತೆ ಹೋಗಿ ಹೇಳಿ ಬರುತ್ತಾರೆ. ಈ ಎಂಟು ಮಂದಿ ಸಂತೆಗೆ ಬಂದಿಲ್ಲ. ಬಂದಿದ್ದರೂ ಮಾವನ ಕೂಗು ಕೇಳಿರಲಿಕ್ಕಿಲ್ಲ. ಅಥವಾ ಊರೇ ಬಿಟ್ಟಿರಬಹುದು. ಅವರಲ್ಲಿ ಎಷ್ಟು ಮಂದಿ ತಾಯಂದಿರು, ಎಷ್ಟು ಕೂಸುಗಳಿವೆ ಎಂಬುದು ನನಗೆ ಗೊತ್ತಿಲ್ಲ. ತಮಗೆ ಗೊತ್ತು, ಪುಸ್ತಕದಲ್ಲಿ ಅದಕ್ಕೂ ಒಂದು ಅಂಕಣವಿದೆಯಂತೆ. ಬರುವ ಸೋಮವಾರ ಹತ್ತು ಗಂಟೆಗೆ ಕಚೇರಿ ತೆರೆಯುವಾಗ ನಾನು, ನನ್ನ ಅಕ್ಕ, ಮಾವ, ಮತ್ತು ಆ ಕೂಸಿನ ತಾಯಿ ಕಪಾಟಿನ ಎದುರಿಗೆ ನಿಂತಿರುತ್ತೇವೆ. ಗದ್ದಲ ಮಾಡುವುದಿಲ್ಲ. ಕೂಸು ಅತ್ತರೆ ಅದಕ್ಕೆ ನಾವು ಜವಾಬ್ದಾರರಲ್ಲ. ಹಾಲು ಇನ್ನೂ ಪೂರ್ತಿ ಬಂದಿಲ್ಲ.

ಇಂತಿ,
ಕೀಲಿಕೈ ತಮ್ಮ ಯಾವ ಜೇಬಿನಲ್ಲಿದೆ ಎಂಬುದನ್ನು ಬಿಟ್ಟು ಉಳಿದೆಲ್ಲವನ್ನೂ ಎಣಿಸಿ ಮುಗಿಸಿದ,
ತಕ್ಕಡಿ ಸತ್ಯಪ್ಪ
ರವಿವಾರ ಪೇಟೆ, ಬೆಳಗಾವಿ